ಹಳದಿ ಗೀಟು

ಮಲಪ್ರಭೆಯ ದಂಡೆಯ ಮೇಲೆ ನಿರ್ವಾಣಜ್ಜನ ಆಶ್ರಮ. ಬೇರೆ ಕಡೆ ಶಿಷ್ಯನ ಕೈಗೆ ಜಪಮಾಲೆ ಕೊಡುತ್ತಾರೆ, ಇಲ್ಲಿ ಸ್ಪ್ಯಾನರ್ ಕೊಡುತ್ತಿದ್ದರು. ಸನ್ಯಾಸಕ್ಕೆ ಮುಂಚೆ ಅಜ್ಜ ಮೆಕ್ಯಾನಿಕ್ ಆಗಿದ್ದವರು. ಕಾವಿ ಉಟ್ಟ ಮೇಲೂ ಅವರ ಕೈ ಸುಮ್ಮನಿರಲಿಲ್ಲ. ಕೆಟ್ಟು ಕೂತ ಹಳೆಯ ಗಾಡಿಗಳನ್ನು ಮೊದಲಿನಂತೆ ಮಾಡಿ ಕಳಿಸುವುದೇ ಅವರ ಪೂಜೆಯಾಗಿತ್ತು.

ಆಶ್ರಮದ ಹಳೆಯ ದನದ ಕೊಟ್ಟಿಗೆಯೇ ಅವರ ಗ್ಯಾರೇಜು. ಆ ವರ್ಷ ಅಲ್ಲಿಗೆ ಅಮೆರಿಕದ ಗಾಡಿಯೊಂದು ಬಂತು. ೧೯೬೮ರದು. ಮಸಲ್ ಕಾರ್ ಎಂದು ಅದರ ಜಾತಿಯ ಹೆಸರು. ಎರಡೇ ಬಾಗಿಲು, ಪೈಲ್ವಾನನ ಮೈಕಟ್ಟು, ಪೆಟ್ರೋಲು ಕುಡಿಯಲು ಬಕಾಸುರನ ಹೊಟ್ಟೆ. ಮಾಲೀಕ ಒಂದೇ ಮಾತು ಹೇಳಿ ಹೋಗಿದ್ದ: ಹಾಕುವ ಒಂದೊಂದು ಸಾಮಾನೂ ಆ ಕಾಲದ್ದೇ ಆಗಿರಬೇಕು, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ.

ಅಜ್ಜ ತಮ್ಮ ಶಿಷ್ಯ ಮುರಿಗೆಪ್ಪನನ್ನು ಕರೆದು ಹೇಳಿದರು.

"ನನ್ನ ಕೈ ನಡಗಾಕ ಹತ್ಯಾವ. ಈ ಗಾಡಿ ಮುಗಿದ ದಿನ ಕೊಟ್ಟಿಗಿ ನಿಂದು."

ಅಂದಿನಿಂದ ಮುರಿಗೆಪ್ಪನ ನೆಮ್ಮದಿ ಹಾರಿಹೋಯಿತು. ಒಂದೇ ಒಂದು ಖೊಟ್ಟಿ ಸಾಮಾನು ತನ್ನ ಕಣ್ಣು ತಪ್ಪಿಸಿ ಗಾಡಿಯೊಳಗೆ ಹೊಕ್ಕರೆ ಕೊಟ್ಟಿಗೆ ಕೈಬಿಟ್ಟುಹೋದಂತೆಯೇ. ಅವನು ಮೊಸರಿನಲ್ಲಿ ಕಲ್ಲು ಹುಡುಕಲು ಕೂತ. ಹಿಂದಿನ ದೀಪದ ಗಾಜು ತೀರಾ ಕೆಂಪಾಗಿದೆ ಎಂದು ಅನುಮಾನ. ಬೋಲ್ಟು ತೀರಾ ಸಲೀಸಾಗಿ ಕೂತಿತೆಂದು ಅನುಮಾನ. ಬಾಗಿಲಿನ ಹಿಡಿಕೆ ಹೊಳೆದರೆ ಹೊಸದು, ಹೊಳೆಯದಿದ್ದರೆ ಹೊಸದಕ್ಕೆ ಮಣ್ಣು ಸವರಿದ್ದಾರೆ.

"ಅಜ್ಜಾರ, ಇದಕ್ಕ ತುಕ್ಕು ಭಾಳ ಚಂದ ಹಿಡಿದೈತ್ರಿ," ಎಂದ ಒಮ್ಮೆ. "ಇಷ್ಟು ಚಂದ ತಾನಾಗೇ ಹಿಡಿಯಂಗಿಲ್ಲ."

"ಹಂಗಾದ್ರ ನನ್ನ ಗಡ್ಡಾನೂ ಒಮ್ಮೆ ಜಗ್ಗಿ ನೋಡು," ಎಂದರು ಅಜ್ಜ.

ಕೊನೆಗೆ ಉಳಿದದ್ದು ಕಾರ್ಬ್ಯುರೇಟರ್, ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ. ಅದನ್ನು ತಂದವನು ದಾವಲಸಾಬ. ಹಳೆಯ ಗಾಡಿಗಳ ಸಾಮಾನು ಹುಡುಕಿಕೊಂಡು ಗುಜರಿಯಿಂದ ಗುಜರಿಗೆ ತಿರುಗುವವನು, ಅಜ್ಜನಿಗೆ ಹರೆಯದ ದಿನಗಳಿಂದಲೂ ಗೆಳೆಯ. ಕಾರ್ಬ್ಯುರೇಟರನ್ನು ಹಳೆಯ ಪಂಚೆಯಲ್ಲಿ ಕೂಸಿನಂತೆ ಸುತ್ತಿ ತಂದಿದ್ದ.

"ಪೆಟ್ಟಿಗ್ಯಾಗ ಹಂಗ ಇತ್ರಿ ಅಜ್ಜಾರ. ಯಾವ ಗಾಡಿಗೂ ಹಾಕಿಲ್ಲ, ಯಾರೂ ಮುಟ್ಟಿಲ್ಲ."

ಊಟದ ಹೊತ್ತಾಗಿತ್ತು. ಮುರಿಗೆಪ್ಪ ರೊಟ್ಟಿ ಬಡಿಸುವುದನ್ನು ಬಿಟ್ಟು, ಲೋಹದ ಮೇಲೆ ಒತ್ತಿದ್ದ ತಾರೀಖು ಓದಿದ. ಅವನ ಹುಬ್ಬು ಗಂಟಿಕ್ಕಿತು.

"ಸಾಬ್ರ, ಗಾಡಿ ಮೇ ತಿಂಗಳದ್ದು. ಇದು ಮಾರ್ಚಿಂದು. ಗಾಡಿ ಹುಟ್ಟೂಕಿಂತ ಮೊದಲ ಅದರ ಸಾಮಾನು ಹೆಂಗ ಹುಟ್ಟಿತು?"

ದಾವಲಸಾಬ ಅಜ್ಜನ ಮುಖ ನೋಡಿದ. ಅಜ್ಜ ತಟ್ಟೆಯಿಂದ ಒಂದು ರೊಟ್ಟಿ ಎತ್ತಿ ಶಿಷ್ಯನ ಕೈಗಿಟ್ಟರು.

"ಇದನ್ನ ಯಾವಾಗ ಬಡಿದಿ?"

"ಮುಂಜಾನೆ."

"ಜ್ವಾಳ ಯಾವಾಗಿಂದು?"

"ಹೋದ ಸುಗ್ಗೀದು."

"ಹಂಗಾದ್ರ ನಿನ್ನ ರೊಟ್ಟಿ ಖೊಟ್ಟಿ."

ದಾವಲಸಾಬ ನಕ್ಕ, ಅಜ್ಜನೂ ನಕ್ಕರು. ಮುರಿಗೆಪ್ಪ ನಗಲಿಲ್ಲ. ಸಾಮಾನು ಮೊದಲು, ಗಾಡಿ ಆಮೇಲೆ ಎಂಬುದು ಅವನ ತಲೆಗೆ ಹೋಗಿತ್ತು. ಆದರೆ ಇಬ್ಬರೂ ಕೂಡಿ ನಕ್ಕದ್ದು ಸರಿಬರಲಿಲ್ಲ. ಹಳೆಯ ಗೆಳೆಯರು, ಒಬ್ಬರ ಮಾಲನ್ನು ಇನ್ನೊಬ್ಬರು ಕಣ್ಣುಮುಚ್ಚಿ ಒಪ್ಪುವವರು. ನಾಳೆ ಮಾತು ಬಂದರೆ ಬರುವುದು ತನ್ನ ತಲೆಗೆ.

ದಾವಲಸಾಬ ಕೈ ತೊಳೆಯಲು ಎದ್ದಾಗ ಅವನು ಮೆಲ್ಲಗೆ ಕೇಳಿದ.

"ಅಜ್ಜಾರ, ನೀವು ಅವರನ್ನ ಹೆಂಗ ನಂಬ್ತೀರಿ?"

"ದಿನಾ ನೀ ಅಡಿಗಿ ಮಾಡ್ತಿ, ನಾ ಉಣ್ತೀನಿ," ಎಂದರು ಅಜ್ಜ. "ಎಂದರ ಕೇಳೀನೇನು, ಏನ ಹಾಕೀದಿ ಅಂತ?"

ಊಟ ಮುಗಿಸಿ ಹಿರಿಯರಿಬ್ಬರೂ ಹೊಳೆಯ ಕಡೆ ಹೋದರು. ಮುರಿಗೆಪ್ಪ ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿಕೊಂಡು, ಕಾರ್ಬ್ಯುರೇಟರನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅದರ ಒಂದು ಬದಿಯಲ್ಲಿ ಹಳದಿ ಗೀಟು ಕಂಡಿತು. ಬಳಪದಲ್ಲಿ ಎಳೆದಂತಿತ್ತು, ಸೊಟ್ಟಗೆ, ಅವಸರದಲ್ಲಿ.

ಸಿಕ್ಕಿತಲ್ಲ, ಅಂದುಕೊಂಡ. ಯಾರೂ ಮುಟ್ಟಿಲ್ಲವಂತೆ! ಇದು ಗುಜರಿಯವರ ಗುರುತಲ್ಲದೆ ಮತ್ತೇನು? ಇದರ ಕೆಳಗೆ ಏನು ಮುಚ್ಚಿಟ್ಟಿದ್ದಾರೋ ನೋಡಿಯೇಬಿಡೋಣ ಎಂದು ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ತಿಕ್ಕಿದ.

ಗೀಟು ಹೋಯಿತು. ಕೆಳಗೆ ಏನೂ ಇರಲಿಲ್ಲ. ಬರೀ ಲೋಹ, ಹಳೆಯದು, ಮಾಸಿದ್ದು. ಏನೂ ಸಿಗದೇ ಇದ್ದುದು ಮುರಿಗೆಪ್ಪನಿಗೆ ಇನ್ನೂ ದೊಡ್ಡ ಅನುಮಾನವಾಯಿತು.

ಅಜ್ಜನ ಜೊತೆ ಹೊಳೆಯಿಂದ ಮರಳಿದ ದಾವಲಸಾಬನ ಕಣ್ಣು ನೇರ ಆ ಜಾಗಕ್ಕೇ ಹೋಯಿತು.

"ಗೀಟು ಎಲ್ಲಿ ತಮ್ಮಾ?"

"ಒರೆಸಿದೆ. ನಿಮ್ಮ ಗುಜರಿ ಮಂದಿ ಎಳದಿದ್ದು."

ದಾವಲಸಾಬ ಅಲ್ಲೇ ನೆಲಕ್ಕೆ ಕೂತ.

"ಕಾರ್ಖಾನ್ಯಾಗ ಸಾಮಾನು ಪರೀಕ್ಷಾ ಮಾಡಾಂವ ಒಬ್ಬ ಇರ್ತಿದ್ದ," ಎಂದ. "ಚಲೋ ಐತಿ ಅನ್ನಿಸಿದ್ರ ಒಂದು ಗೀಟು ಎಳದು ಮುಂದ ದೂಡ್ತಿದ್ದ. ಯಾರೋ ಏನೋ ಪಾಪ, ಹೆಸರೂ ಗೊತ್ತಿಲ್ಲ. ಬಲ್ಲವರು ಮೊದಲು ನೋಡೂದು ಅದನ್ನ. ಅದು ಅಳಿಸಬಾರದಂತನ ನಾ ಪಂಚೀ ಸುತ್ತಿ ತಂದಿದ್ದೆ."

"ಅದನ್ನ ನೀವ ಎಳದಿಲ್ಲ ಅಂತ ಏನ ಗ್ಯಾರಂಟಿ?"

ಮಾತು ಆಡಿದ ಮೇಲೆ ಮುರಿಗೆಪ್ಪನ ಬಾಯಿ ಅವನಿಗೇ ಕಹಿಯಾಯಿತು. ದಾವಲಸಾಬ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಳಿಸೂತನಕ ನೋಡಿ ಹೇಳಬಹುದಿತ್ತು ತಮ್ಮಾ. ಈಗ ನೀನೂ ಹೇಳಾಕ ಬರಂಗಿಲ್ಲ, ನಾನೂ ಹೇಳಾಕ ಬರಂಗಿಲ್ಲ."

ಅವನು ಖಾಲಿ ಪಂಚೆಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡ. ಹೊರಡುವವರು ಬರ್ತೀನಿ ಅನ್ನುವುದು ನಮ್ಮ ಕಡೆಯ ವಾಡಿಕೆ, ಹೋಗ್ತೀನಿ ಅಂದರೆ ಅಪಶಕುನ. ದಾವಲಸಾಬನೂ ಇಷ್ಟು ವರ್ಷ ಹಾಗೇ ಅನ್ನುತ್ತಿದ್ದ.

"ಹೋಗ್ತೀನ್ರಿ ಅಜ್ಜಾರ," ಎಂದ ಅಂದು.

ಅಜ್ಜ ಹೊಸ್ತಿಲ ತನಕ ಹೋಗಿ, ಗೆಳೆಯನ ಬೆನ್ನು ಮರೆಯಾಗುವವರೆಗೆ ನಿಂತು ಒಳಗೆ ಬಂದರು. ಮುರಿಗೆಪ್ಪನಿಗೆ ನಾಚಿಕೆಯೂ ಇತ್ತು, ಅದರ ಬೆನ್ನಿಗೇ ಹೆದರಿಕೆಯೂ ಇತ್ತು.

"ತಪ್ಪಾತ್ರಿ ಅಜ್ಜಾರ."

ಅಜ್ಜ ನೆಲದ ಮೇಲಿದ್ದ ಸೀಮೆಎಣ್ಣೆಯ ಅರಿವೆಯನ್ನು ಎತ್ತಿ ಮಡಚಿಟ್ಟರು.

"ಮಾಲೀಕ ಬಲ್ಲವರನ್ನ ಕರಕೊಂಡ ಬರ್ತಾನ. ಗೀಟು ಇಲ್ಲದ್ದು ನೋಡಿದ್ರ ಖೊಟ್ಟಿ ಅಂತಾರ. ಆಶ್ರಮದ ಹೆಸರು ಕೆಡ್ತೈತಿ."

ಆಶ್ರಮದ ಹೆಸರು ಹೇಳಿದನಾದರೂ ಮುರಿಗೆಪ್ಪನ ಮನಸ್ಸು ಕೊಟ್ಟಿಗೆಯ ಮೇಲೆಯೇ ಇತ್ತು. ಅವನ ಕಣ್ಣು ಗೋಡೆಯ ಗೂಡಿಗೆ ಹೋಯಿತು. ತಗಡಿನ ಮೇಲೆ ಅಳತೆ ಗುರುತು ಹಾಕುವ ಬಳಪಗಳು ಅಲ್ಲಿದ್ದವು. ಅವುಗಳಲ್ಲೊಂದು ಹಳದಿಯದು. ಅದನ್ನು ತೆಗೆದುಕೊಂಡು ಬಂದ.

"ಹೆಂಗಿತ್ತಂತ ನನಗ ಪೂರಾ ನೆನಪೈತ್ರಿ. ಸೊಟ್ಟಗ ಇತ್ತು, ಅವಸರದಾಗ ಎಳದಂಗ. ಎಳದು ಮ್ಯಾಲೊಂದಿಷ್ಟು ಧೂಳು ಸವರಿದ್ರ ಯಾರಿಗೂ ತಿಳಿಯಂಗಿಲ್ಲ."

ಅಜ್ಜ ಕಾರ್ಬ್ಯುರೇಟರನ್ನು ತಂದು ಶಿಷ್ಯನ ಮುಂದಿಟ್ಟರು. ಬೆಳಕು ಸರಿಯಾಗಿ ಬೀಳಲೆಂದು ಬಾಗಿಲನ್ನು ಪೂರ್ತಿ ತೆರೆದರು.

"ಎಳಿ," ಎಂದರು. "ಇಷ್ಟು ದಿನ ನೀ ಹುಡುಕಿದ ಖೊಟ್ಟಿ ಸಾಮಾನು ಈಗ ಸಿಗತೈತಿ."