ಹುರುಳಿ ಗಡಿಗೆ ಮತ್ತು ಸುಣ್ಣದ ಪಟ್ಟೆ

ಕುದುರೆ ಹೆಚ್ಚು, ತಾಳ್ಮೆ ಕಡಿಮೆ ಇದ್ದ ಒಂದು ರಾಜ್ಯ. ಅಲ್ಲಿ ಸಂಕಮ್ಮ ಎಂಬ ಮುದುಕಿ ಅರಮನೆಯ ಕುದುರೆಗಳಿಗೆ ಹುರುಳಿ ಬೇಯಿಸುತ್ತಿದ್ದಳು. ಅವಳ ಮನೆ ರಾಜಬೀದಿಯ ಈಚೆ, ಲಾಯ ಆಚೆ.

ಬೀದಿ ದಾಟುವವರು ಸಾರೋಟಿಗೆ ಸಿಕ್ಕಿ ಕೈಕಾಲು ಮುರಿದುಕೊಳ್ಳುತ್ತಿದ್ದರು. ಆಗ ರಾಜ ಆ ಬೀದಿಗೆ ಅಡ್ಡಲಾಗಿ ಸುಣ್ಣದ ಪಟ್ಟೆ ಬಳಿಸಿ ಡಂಗುರ ಹೊಡೆಸಿದ: "ಪಟ್ಟೆಯ ಮೇಲೆ ಯಾರೇ ಕಾಲಿಟ್ಟರೂ ಸಾರೋಟು ನಿಲ್ಲಬೇಕು." ಎಲ್ಲರೂ ರಾಜನನ್ನು ಹೊಗಳಿದರು. ಯಾರೂ ನಿಲ್ಲಿಸಲಿಲ್ಲ.

ಮೊದಲ ದಿನ ಸಂಕಮ್ಮ ಬಿಸಿ ಗಡಿಗೆ ಹೊತ್ತು ಪಟ್ಟೆಯ ಮೇಲೆ ಕಾಲಿಟ್ಟಳು. ರಾಜನ ಸಾರೋಟು ಹೊಡೆಯುವ ದಂಡಪ್ಪ ಗಾಳಿಯಂತೆ ಬಂದ. ಮುದುಕಿ ಹಿಂದಕ್ಕೆ ಹಾರಿದಳು.

"ಸ್ವಲ್ಪ ನಿಲ್ಲಿಸಪ್ಪ."

"ಸುಣ್ಣ ಕಂಡಲ್ಲೆಲ್ಲಾ ನಿಲ್ಲೋಕೆ ನಾನೇನು ಗೋಡೆಯಾ ಅಜ್ಜಿ?"

ಅವನ ಹಿಂದೆ ಇನ್ನೂ ಹತ್ತು ಸಾರೋಟು. ಹುರುಳಿ ತಡವಾಯಿತು. ತಡವಾಯಿತೆಂದು ದೂರಿದವನೂ ದಂಡಪ್ಪನೇ.

ಎರಡನೆಯ ದಿನ ಅದೇ ದೂಳು, ಅದೇ ದೂರು. ಲಾಯದ ಯಜಮಾನ ಹೇಳಿದ: "ನಾಳೆಯೂ ತಡವಾದರೆ ನಿನ್ನ ಕೆಲಸ ಬೇರೆಯವರಿಗೆ, ಸಂಕಮ್ಮ."

ಆ ಕೆಲಸ ಹೋದರೆ ಅವಳಿಗೆ ಊಟವಿಲ್ಲ. ಕೂತು ಯೋಚಿಸಿದಳು. ದಂಡಪ್ಪನಿಗೆ ರಾಜಾಜ್ಞೆ ತಿಳಿಯದು, ಸರಿ. ಕುದುರೆಗಳಿಗೆ ಹಸಿವು ತಿಳಿಯುತ್ತದಲ್ಲ?

ಮೂರನೆಯ ದಿನ ಸಾರೋಟಿನಲ್ಲಿ ರಾಜನೇ ಕೂತಿದ್ದ. ಗೊರಸಿನ ಸದ್ದು ಹತ್ತಿರವಾಯಿತು. ನೆಲ ನಡುಗಿತು. ಸಂಕಮ್ಮನ ಕಾಲು ಮಾತ್ರ ಪಟ್ಟೆ ಬಿಡಲಿಲ್ಲ. ಗಡಿಗೆ ಇಳಿಸಿ ಮುಚ್ಚಳ ತೆಗೆದಳು. ಬೆಂದ ಹುರುಳಿಯ ಹಬೆ ಗಾಳಿಗೆ ಸಿಕ್ಕಿತು.

ಎರಡು ದಿನ ಹೊತ್ತಿಗೆ ಸರಿಯಾಗಿ ತಿನ್ನದ ನಾಲ್ಕು ಕುದುರೆಗಳು ಒಮ್ಮೆಲೇ ನಿಂತವು. ದಂಡಪ್ಪ ನಿಲ್ಲಲಿಲ್ಲ. ಕುದುರೆಗಳ ತಲೆಯ ಮೇಲಿಂದ ಹಾರಿ ಪಟ್ಟೆಯ ಮೇಲೆ ಬೋರಲು ಬಿದ್ದ. ರಾಜನ ಕಿರೀಟ ಉರುಳಿ ಗಡಿಗೆಗೆ ತಾಗಿ ನಿಂತಿತು.

ದಂಡಪ್ಪ ಎದ್ದು ದೂರಿದ: "ಮಹಾಪ್ರಭು, ಕುದುರೆಗಳಿಗೆ ಸೊಕ್ಕು. ಚಾಟಿ ಬೀಸಿದರೂ ನಿಂತುಬಿಟ್ಟವು."

"ಪಟ್ಟೆಯ ಮೇಲೆ ಈ ಅಜ್ಜಿ ನಿಂತಿದ್ದಾಗ ಚಾಟಿ ಬೀಸಿದೆಯಾ?"

ದಂಡಪ್ಪ ಮುಖದ ಸುಣ್ಣ ಒರೆಸಿಕೊಂಡ.

"ಮೊನ್ನೆಯೂ ಬೀಸಿದ್ದ ಬುದ್ಧೀ, ನಿನ್ನೆಯೂ" ಎಂದಳು ಸಂಕಮ್ಮ. "ಕುದುರೆಗಳದ್ದೇನೂ ತಪ್ಪಿಲ್ಲ."

"ನನ್ನ ಆಜ್ಞೆ ಪಾಲಿಸಿದ್ದು ಇವು ನಾಲ್ಕೇ" ಎಂದ ರಾಜ.

ರಾಜನ ಅಪ್ಪಣೆಯಂತೆ ಮರುದಿನದಿಂದ ಸಂಕಮ್ಮ ಬೇಯಿಸುವುದು, ದಂಡಪ್ಪ ಹೊತ್ತು ದಾಟಿಸುವುದು. ತಲೆಯ ಮೇಲೆ ಸುಡುವ ಗಡಿಗೆ, ಎದುರಿಗೆ ಸಾಲು ಸಾರೋಟು. ಪಟ್ಟೆಯ ಅಂಚಿನಲ್ಲಿ ನಿಂತು ಅವನು ಬೇಡುತ್ತಿದ್ದ: "ಸ್ವಲ್ಪ ನಿಲ್ಲಿಸಪ್ಪ."

ನೀತಿ ಇಷ್ಟೇ: ಪಟ್ಟೆಯ ಮೇಲೆ ನಡೆಯುವವರಿಗೆ ಮೊದಲು ದಾರಿ ಬಿಡಿ. ಗಾಡಿ ಹೊಡೆಯುವವನೂ ಒಂದು ದಿನ ಇಳಿದು ನಡೆಯಬೇಕಾಗುತ್ತದೆ.