ದೊರೆ ಮಲಗಿ ನಿದ್ದೆ ಹೋದದ್ದು

"ಕೇಳ್ರಪ್ಪೋ ಕೇಳ್ರಿ! ದೊರೆಗಳಿಗೆ ಉಬ್ಬಸ. ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನೇ ಮದ್ದು ಕೊಡಬೇಕು, ಅವಳ ಕೈಯನ್ನೂ ಹಿಡಿಯಬೇಕು. ತಪ್ಪಿದರೆ ತಲೆ ಹೋದೀತು!"

ಡಂಗುರ ಕಮ್ಮಾರಸಾಲೆಗೆ ಬಂದಾಗ ಮೌನೇಶ ತಿದಿ ಒತ್ತುತ್ತಿದ್ದ. ಹೆಸರು ಮೌನೇಶ, ಬಾಯಿ ಮಾತ್ರ ಸಂತೆ. "ತಲಿ ಹೋದ್ರ ತಲಿನೋವೂ ಹೋತು" ಎಂದು ನಕ್ಕ. ಉಬ್ಬಸ ಎಂಬ ಮಾತಿಗೆ ನಗು ಅರ್ಧಕ್ಕೇ ನಿಂತಿತು. ಕುಲುಮೆಯ ಹೊಗೆ ಕುಡಿದು ಸುಯ್‌ಗುಡುತ್ತಿದ್ದ ಅಜ್ಜಿಯ ಎದೆ ನೆನಪಾಯಿತು. ಅದಕ್ಕೆ ಕಿವಿಯಿಟ್ಟು "ಒಳಗ ಬೆಕ್ಕಿನ ಮರಿ ಐತಿ" ಎಂದು ಕಾಡಿಸುತ್ತಿದ್ದ. ಈಗ ಅಜ್ಜಿಯೂ ಇಲ್ಲ, ಮರಿಯೂ ಇಲ್ಲ.

ಮೌನೇಶ ಅರಮನೆಗೆ ಹೋದಾಗ ಒಗಟು ಬಿಡಿಸಲು ಇನ್ನಿಬ್ಬರು ಆಗಲೇ ಬಂದು ನಿಂತಿದ್ದರು. ದೊರೆ ದಿಂಬಿಗೊರಗಿ ಕೂತೇ ಏದುಸಿರು ಬಿಡುತ್ತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಹೊನ್ನಾಂಬೆ ಕೇಳಿದಳು: "ಊರೆಲ್ಲ ಗಾಳಿ, ಮನೆಯೊಡೆಯನಿಗೆ ಮಾತ್ರ ಇಲ್ಲ. ಬಾಗಿಲು ಹಾಕಿದವರಾರು?"

"ಶತ್ರು!" ಎಂದ ಒಬ್ಬ ಅರಸುಮಗ. ಭಟರು ಅವನನ್ನು ಸೆರೆಗೆ ಎಳೆದೊಯ್ದರು.

"ಯಾರೂ ಅಲ್ರೀ ತಾಯಿ," ಎಂದ ಮೌನೇಶ. "ಎದಿಯೊಳಗಿನ ಕೊಳವೆ ತಾನ ಬಿಗದೈತಿ. ತಿದಿಯ ಮೂತಿ ಹಿಂಡಿದ್ರ ಎಷ್ಟು ಒತ್ತಿದ್ರೂ ಗಾಳಿ ಬರೂದಿಲ್ಲ."

"ಹೌದು," ಎಂದು ಹೊನ್ನಾಂಬೆ ಎರಡನೆಯದು ಕೇಳಿದಳು: "ಶಿವನಿಗೆ ಹೂವು, ತಿಂದವನಿಗೆ ಹುಚ್ಚು, ಉಸಿರು ಕಟ್ಟಿದವನಿಗೆ ಹೊಗೆ. ಯಾವುದದು?"

"ಬಿಲ್ವ!" ಎಂದ ಪಾಳೆಯಗಾರನ ಮಗ.

"ಬಿಲ್ವ ತಿಂದು ಹುಚ್ಚಾದವ್ರನ್ನ ನಾ ಇವತ್ತ ನೋಡೀನಿ. ಅದು ದತ್ತೂರಿ."

ಪಾಳೆಯಗಾರನ ಮಗನೂ ಸೆರೆಗೆ ಹೋದ. ಈಗ ಉಳಿದವನು ಮೌನೇಶ ಒಬ್ಬನೇ.

"ಕೊನೆಯದು: ಮದ್ದು ಸಾಕೆಂದು ಮಾತಿಲ್ಲದೆ ಹೇಳುವ ಮಾತುಗಾರನಾರು?"

ಮೌನೇಶ ತಲೆ ಕೆರೆದುಕೊಂಡ. ಭಟನ ಕತ್ತಿ ಒರೆಯಿಂದ ಹೊರಬಂತು. ಭಯಕ್ಕೆ ನಾಲಿಗೆ ಅಂಗುಳಕ್ಕೆ ಅಂಟಿತು. ಆಗ ಅಜ್ಜಿಯ ದನಿ ಕೇಳಿದಂತಾಯಿತು. ಒಣಗಿಸಿದ ದತ್ತೂರಿ ಎಲೆಯ ಹೊಗೆ ಎಳೆದು, ನಾಲಿಗೆ ಚಾಚಿ, "ಒಣಗೇತೇನೋ ಮಗಾ?" ಎನ್ನುತ್ತಿದ್ದಳು. "ಹಪ್ಪಳ ಆಗೇತಿ ಅಜ್ಜಿ!" "ಹಂಗಾದ್ರ ಸಾಕು, ಆರಿಸು. ಇನ್ನೊಂದು ಎಳೆದ್ರ ನನಗ ನಿನ್ನ ಗುರುತೂ ಸಿಗಾಕಿಲ್ಲ."

ಮೌನೇಶ ರಾಜಕುಮಾರಿಗೆ ನಾಲಿಗೆ ಚಾಚಿದ.

ಸಭೆ ಬೆಚ್ಚಿತು. "ಎಂಥಾ ಸೊಕ್ಕು!" ಎಂದ ಮಂತ್ರಿ. ಹೊನ್ನಾಂಬೆ ಮಾತ್ರ ಕಿಲಕಿಲ ನಕ್ಕಳು.

"ಸರಿ! ಮದ್ದು ಹತ್ತಿದರೆ ಎದೆ ಬಿಚ್ಚುತ್ತದೆ, ನಾಲಿಗೆ ಒಣಗುತ್ತದೆ. ಅಲ್ಲಿಗೆ ನಿಲ್ಲಿಸಲು ತಿಳಿಯದವನ ಕೈಗೆ ಅಪ್ಪನನ್ನು ಹೇಗೆ ಕೊಡಲಿ? ಅದಕ್ಕೇ ಈ ಒಗಟು."

ಮೌನೇಶ ಒಣ ದತ್ತೂರಿ ಎಲೆ ತರಿಸಿ, ಚಿಟಿಕೆಯಷ್ಟು ಕೆಂಡಕ್ಕೆ ಹಾಕಿದ. ದೊರೆ ಹೊಗೆ ಎಳೆದ, ಕೆಮ್ಮಿದ, ನಾಲಿಗೆ ತೋರಿಸಿದ. ಮೌನೇಶ ಕೆಂಡ ಆರಿಸಿದ. ದೊರೆಯ ಎದೆ ಸುಯ್‌ಗುಡುವುದು ಮೆಲ್ಲಗೆ ನಿಂತಿತು. ದೊರೆ ದಿಂಬು ದೂರ ತಳ್ಳಿ, ತುಂಬಿದ ಸಭೆಯಲ್ಲೇ ಕಾಲು ಚಾಚಿ ಮಲಗಿ, ಗೊರಕೆ ಹೊಡೆದ.

ಎಬ್ಬಿಸಲು ಹೋದ ಮಂತ್ರಿಗೆ ಹೊನ್ನಾಂಬೆ ಪಿಸುಗುಟ್ಟಿದಳು: "ಮುಟ್ಟಿದರೆ ನಿಮ್ಮ ತಲೆ!"

ಸೆರೆಯವರಿಗೆ ಬಿಡುಗಡೆಯಾಯಿತು. ಕಣ್ಣೊರೆಸಿಕೊಳ್ಳುತ್ತಲೇ ಹೊನ್ನಾಂಬೆ ಮೌನೇಶನ ಕೊರಳಿಗೆ ಮಾಲೆ ಹಾಕಿದಳು. ವಾಲಗದವರು ಮಾತ್ರ ದೊರೆ ಏಳುವವರೆಗೂ ಬಾಯಿ ಮುಚ್ಚಿಕೊಂಡು ಕೂತರು.