ಎರಡನೇ ಸಲದ ಅನ್ನ

ಗದಗಿನ ಕಾಲೇಜೊಂದರ ಹುಡುಗಿಯರ ಹಾಸ್ಟೆಲಿನಲ್ಲಿ ನೀಲವ್ವ ಅಡುಗೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ, ಊಟದ ಹೊತ್ತಿಗೆ ಸರಿಯಾಗಿ, ಆಡಳಿತ ಮಂಡಳಿಯ ಕಾರ್ಯದರ್ಶಿ ಸಂಗನಬಸಪ್ಪನವರು ಅಡುಗೆಮನೆಗೇ ಬಂದರು.

"ಊಟದ ಖರ್ಚು ಕೈಮೀರೇತಿ. ಇವತ್ತಿಂದ ಅನ್ನ ಒಂದ ಸಲ ಬಡಸು. ಮತ್ತ ಕೇಳಿದ್ರ ಇಲ್ಲ ಅನ್ನು."

ನೀಲವ್ವ ಎದುರಾಡಲಿಲ್ಲ. "ಆಗ್ಲಿರಿ ಸಾಹೇಬ್ರ. ಆದ್ರ ಹಂಗ ಅಂದು ನನಗ ರೂಢಿ ಇಲ್ಲ. ಇವತ್ತೊಂದಿನ ನೀವ ಬಡಸ್ರಿ. ನಾ ನೋಡಿ ಕಲೀತೀನಿ."

"ಇದ್ರಾಗ ಕಲಿಯೂದೇನೈತಿ?" ಎನ್ನುತ್ತ ಅವರು ಅಂಗಿಯ ತೋಳು ಮಡಚಿ ಸೌಟು ಹಿಡಿದರು.

ಮೊದಲ ಸುತ್ತು ಸರಾಗವಾಗಿ ಮುಗಿಯಿತು. ಆಮೇಲೆ ತೆಳ್ಳನೆಯ ಹುಡುಗಿಯೊಬ್ಬಳು ಮತ್ತೆ ತಟ್ಟೆ ಹಿಡಿದು ಬಂದು, "ಇನ್ನೊಂಚೂರು ಅನ್ನ ಹಾಕ್ರಿ" ಎಂದಳು. ಸಂಗನಬಸಪ್ಪನವರು ಇಲ್ಲ ಎನ್ನಲು ಬಾಯಿ ತೆರೆದರು. ಆದರೆ ಕೈ ಆಗಲೇ ಸೌಟು ಎತ್ತಿತ್ತು. ಅವಳಿಗೆ ಬಡಿಸಿದರು. ಅವಳ ಹಿಂದೆ ನಿಂತವಳಿಗೂ ಬಡಿಸಿದರು. ನೋಡನೋಡುತ್ತ ಪಾತ್ರೆ ಬರಿದಾಯಿತು. ಸಾಲು ಮಾತ್ರ ಕರಗಿರಲಿಲ್ಲ.

"ಇನ್ನಷ್ಟು ಅಕ್ಕಿ ಹಾಕವ್ವಾ," ಎಂದು ಅವರು ಮೆಲ್ಲಗೆ ಹೇಳಿದರು.

"ಖರ್ಚು ಯಾಕ ಇಳೀಲಿಲ್ಲ ಅಂತ ಮಂಡಳಿಯವರು ಕೇಳಿದ್ರ ಏನಂತೀರಿ?"

ಅವರು ಬರಿದಾದ ಪಾತ್ರೆಯನ್ನು ಅವಳತ್ತ ಸರಿಸಿದರು.

"ಏನೂ ಅನ್ನೂದಿಲ್ಲ. ದಿನಾ ಒಬ್ಬೊಬ್ಬರನ್ನ ಕರಕೊಂಡು ಬರ್ತೀನಿ. ಅವರ ಕೈಯಾಗೂ ಸೌಟು ಕೊಡು."